ಬೆಲ್ಲ ಹಾಕಿದ ಪಾಯಸ ಒಡೀತು, ಖರ್ಜೂರದ ಮೈಸೂರು ಪಾಕ್ ಮುದ್ದೆ ಆಯ್ತು. ಸಕ್ಕರೆ ಇಲ್ಲದೆ ಹಬ್ಬದ ಸಿಹಿ ಮಾಡೋದು ಹೇಗೆ?

ಸೌಟು ಹಿಡಿದವಳು (ಬೆಂಗಳೂರು), ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಹೇಳೋ ರಕ್ತ ಪರೀಕ್ಷೆ) 6.1 ಬಂದಿದೆ. ಡಾಕ್ಟರು "ಇನ್ನೂ ಶುಗರ್ ಅಲ್ಲ, ಆದ್ರೆ ಹೊಸ್ತಿಲ ಮೇಲೆ ನಿಂತಿದ್ದೀರ" ಅಂದ್ರು. ಅವತ್ತೇ ಸಕ್ಕರೆ ಡಬ್ಬಿ ಎತ್ತಿ ಅಟ್ಟದ ಮೇಲಿಟ್ಟೆ. ಗೌರಿ ಹಬ್ಬಕ್ಕೆ ಹತ್ತು ದಿನ ಇದೆ, ಸ್ವಲ್ಪ ಅಭ್ಯಾಸ ಮಾಡ್ಕೊಳ್ಳೋಣ ಅಂತ ಇವತ್ತು ಕೂತೆ.

ಮೊದಲನೇದು ಶಾವಿಗೆ ಪಾಯಸ. ಹಾಲು ಕುದೀತಾ ಇತ್ತು, ಬೆಲ್ಲದ ಪುಡಿ ಹಾಕಿದೆ. ಎರಡು ನಿಮಿಷಕ್ಕೆ ಪನೀರ್ ಮಾಡೋಕೆ ಒಡೆಸಿದ ಹಾಗೆ ನೀರು ಬೇರೆ, ಗಸಿ ಬೇರೆ. ಎರಡನೇದು ಖರ್ಜೂರ ನೆನೆಸಿ ರುಬ್ಬಿ ಅದರಲ್ಲಿ ಮೈಸೂರು ಪಾಕ್. ಮೊಬೈಲಲ್ಲಿ ನೋಡಿದ್ದು. ಮುಕ್ಕಾಲು ಗಂಟೆ ತಿರುವಿದೆ, ತೋಳು ಬಿದ್ದುಹೋಯ್ತು. ತಟ್ಟೆಗೆ ಹಾಕಿ ನಾಲ್ಕು ಗಂಟೆ ಆದ್ರೂ ಬೆರಳು ಇಟ್ಟರೆ ಒಳಗೆ ಹೋಗತ್ತೆ. ಮಗ "ಅಮ್ಮಾ, ಇದು ಅಂಟಿಸೋಕೆ ಚೆನ್ನಾಗಿದೆ" ಅಂದ.

ಎಲ್ಲಿ ತಪ್ಪಿದೆ ಹೇಳಿ. ಜೊತೆಗೆ ಮಕ್ಕಳೂ ತಿನ್ನೋ ಅಂಥ, ಸಕ್ಕರೆ ಹಾಕದ ಸಿಹಿ ಏನೇನಿದೆ ಅಂತ ತಿಳಿಸಿ.

---

ಗಾಣದ ಎತ್ತು (ಮಂಡ್ಯ), ಭಾನುವಾರ ರಾತ್ರಿ 10:15

ಅಕ್ಕಾ, ಬೆಲ್ಲದ ಬಣ್ಣ ಎಂಗಿತ್ತು ಹೇಳಿ ಮೊದ್ಲು. ಬಂಗಾರದಂಗೆ ಹಳದಿ ಹೊಳೀತಿತ್ತಾ? ಹಂಗಿದ್ರೆ ಅನುಮಾನ ಪಡಿ. ಕಬ್ಬಿನ ಹಾಲು ಕಾಯ್ಸಿದ್ರೆ ಬರೋ ಬಣ್ಣ ಕಂದು ಕಣಕ್ಕ. ಅದನ್ನ ಹಳದಿ ಮಾಡಕ್ಕೆ ಹೈಡ್ರೋಸ್ ಅಂತ ಒಂದು ಪುಡಿ ಹಾಕ್ತಾರೆ, ಸೋಡಿಯಂ ಹೈಡ್ರೋಸಲ್ಫೈಟ್ ಅದರ ಪೂರ್ತಿ ಹೆಸರು. ಮಾರ್ಕೆಟ್ಟಲ್ಲಿ ಕಪ್ಪು ಬೆಲ್ಲಕ್ಕೆ ರೇಟ್ ಕಮ್ಮಿ, ಹಳದಿಗೆ ಜಾಸ್ತಿ, ಅದಕ್ಕೇ ಹಾಕೋದು. ನಮ್ಮಪ್ಪನ ಕಾಲದಲ್ಲಿ ಕೊಪ್ಪರಿಗೆಗೆ ಬೆಂಡೆ ಗಿಡ ಜಜ್ಜಿ ಲೋಳೆ ಬಿಡ್ತಿದ್ರು. ಲೋಳೆ ಕೊಳೆನೆಲ್ಲಾ ಎತ್ಕೊಂಡು ಮೇಲಕ್ಕೆ ಬರೋದು, ಜರಡಿ ಸೌಟಲ್ಲಿ ತೆಗೆದು ಬಿಸಾಕೋರು. ಈಗಲೂ ಹಂಗೆ ಮಾಡೋರು ಅವ್ರೆ, ಹುಡುಕಬೇಕು ಅಷ್ಟೆ.

ಆದ್ರೆ ಹಾಲು ಒಡೆಯಕ್ಕೆ ಹೈಡ್ರೋಸೇ ಬೇಕು ಅಂತೇನಿಲ್ಲ. ಒಳ್ಳೆ ಬೆಲ್ಲಕ್ಕೂ ಸಣ್ಣ ಹುಳಿ ಗುಣ ಇರತ್ತೆ. ಮಳೆಗಾಲದಲ್ಲಿ ಬೆಲ್ಲ ಬೆವರಿ ನೀರು ಹಿಡ್ಕೊಂಡ್ರೆ ಹುಳಿ ಇನ್ನೂ ಏರತ್ತೆ. ಈಗ ಅದೇ ಕಾಲ ತಾನೆ. ಕುದಿಯೋ ಹಾಲಿಗೆ ಅದು ಬಿತ್ತು ಅಂದ್ರೆ ಮುಗೀತು. ಬೆಲ್ಲ ಬೇರೆ ಪಾತ್ರೇಲಿ ಅರ್ಧ ಲೋಟ ನೀರಲ್ಲಿ ಕರಗಿಸಿ, ಸೋಸಿ (ಮಣ್ಣು, ಕಬ್ಬಿನ ಸಿಪ್ಪೆ ಬರತ್ತೆ, ಗಾಬರಿ ಬೀಳ್ಬೇಡಿ), ಒಂದು ಕುದಿ ಕುದಿಸಿ ಆರಕ್ಕೆ ಬಿಡಿ. ಪಾಯಸ ಒಲೆಯಿಂದ ಇಳಿಸಿ, ಬಟ್ಟಲಲ್ಲಿ ಕುಡಿಯೋ ಅಷ್ಟು ಬಿಸಿಗೆ ಬಂದ್ಮೇಲೆ ಸೇರಿಸಿ. ಆಮೇಲೆ ಮತ್ತೆ ಒಲೆ ಮೇಲೆ ಇಡಂಗಿಲ್ಲ. ಭಯ ಇದ್ರೆ ಬೆಲ್ಲದ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡ. ಚಿಟಿಕೆ ಅಂದ್ರೆ ಚಿಟಿಕೆ. ನಮ್ಮತ್ತಿಗೆ ಒಂದ್ಸಲ ಚಮಚ ಹಾಕಿ ಪಾಯಸ ಸೋಪಿನ ನೀರಾಗಿತ್ತು.

---

ಜೋನಿಬೆಲ್ಲ (ಶಿರಸಿ), ಸೋಮವಾರ ಬೆಳಿಗ್ಗೆ 6:50

ನನಗೆ ಅರ್ಥ ಆಗದ್ದು ಒಂದೇ. ಬೆಲ್ಲದ ಪಾಯಸಕ್ಕೆ ಆಕಳ ಹಾಲು ಯಾಕೆ ಹಾಕಬೇಕು? ನಮ್ಮ ಕಡೆ ಬೆಲ್ಲದ ಪಾಯಸ ಅಂದರೆ ಕಾಯಿಹಾಲು. ಅದು ಬೆಲ್ಲಕ್ಕೆ ಒಡೆಯುವುದಿಲ್ಲ. ತುಂಬಾ ಕುದಿಸಿದರೆ ಎಣ್ಣೆ ಬಿಡುತ್ತದೆ, ಅಷ್ಟೇ ಎಚ್ಚರ. ಹೆಸರುಬೇಳೆ ಘಮ ಬರುವವರೆಗೆ ಹುರಿದು, ಎರಡನೇ ಹಾಲಲ್ಲಿ ಬೇಯಿಸಿ, ಬೆಲ್ಲ ಹಾಕಿ ಕುದಿಸಿ, ಇಳಿಸುವ ಹೊತ್ತಿಗೆ ಮೊದಲ ಹಾಲು. ಏಲಕ್ಕಿ. ಮುಗಿಯಿತು.

ಇನ್ನೂ ಸುಲಭದ್ದು ಬೇಕಾದರೆ ಬಾಳೆಹಣ್ಣಿನ ರಸಾಯನ. ಒಲೆಯೇ ಬೇಡ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ ಹಣ್ಣು ತೆಗೆದುಕೊಳ್ಳಿ. ಹೆಚ್ಚಿ, ಕಾಯಿಹಾಲು ಹಾಕಿ, ಹುರಿದ ಎಳ್ಳು ಮೇಲೆ ಉದುರಿಸಿ. ಹಣ್ಣು ಚೆನ್ನಾಗಿ ಕಳಿತಿದ್ದರೆ ನಾಲ್ಕು ಜನಕ್ಕೆ ಎರಡು ಚಮಚ ಜೋನಿ ಬೆಲ್ಲ (ಗಟ್ಟಿಯಾಗದ, ಸುರಿಯುವ ಬೆಲ್ಲ) ಸಾಕು. ದೋಸೆ ಜೊತೆ ತಿಂದರೆ ಮಕ್ಕಳು ಇನ್ನೊಂದು ದೋಸೆ ಕೇಳುತ್ತಾರೆ.

ಹಲಸಿನ ಹಣ್ಣಿನ ಕಡುಬು ಹೇಳೋಣ ಅಂದರೆ ಅದರ ಕಾಲ ಮುಗಿದಿದೆ. ಮುಂದಿನ ವರ್ಷ ನೆನಪಿಸಿ.

---

ಬಟ್ಟಲ ಲೆಕ್ಕ (ಮೈಸೂರು), ಸೋಮವಾರ ಬೆಳಿಗ್ಗೆ 11:05

ನಾನು ಆಹಾರ ಸಲಹೆಯ ಕೆಲಸ ಮಾಡುವವಳು. ಹಬ್ಬದ ಹೊತ್ತಲ್ಲಿ ಅಪಶಕುನ ನುಡಿಯುತ್ತಿದ್ದಾಳೆ ಅಂದುಕೊಳ್ಳಬೇಡಿ, ಆದರೆ ಹೇಳದೇ ಇರಲಾರೆ.

ಸೌಟು ಅವರೇ, ನಿಮ್ಮ ಮನೆಯವರ ರಕ್ತಕ್ಕೆ ಬೆಲ್ಲ ಬಂತೋ ಸಕ್ಕರೆ ಬಂತೋ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಲ್ಲದಲ್ಲೂ ಬಹುಪಾಲು ಇರುವುದು ಬಿಳಿ ಸಕ್ಕರೆಯಲ್ಲಿರುವ ಅದೇ ಸುಕ್ರೋಸ್. ಸ್ವಲ್ಪ ಖನಿಜ, ಸ್ವಲ್ಪ ತೇವ, ರುಚಿ ಹೆಚ್ಚು, ಅದು ನಿಜ. ಜೇನುತುಪ್ಪವೂ ಹೀಗೆಯೇ. (ಒಂದು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಜೇನು ನೆಕ್ಕಿಸಬೇಡಿ, ಬಾಟುಲಿಸಂ ಎಂಬ ಕಾಯಿಲೆಯ ಅಪಾಯ ಇದೆ.) ಖರ್ಜೂರದ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ನಾರು ಇರುವುದರಿಂದ ಅದು ವಾಸಿ, ಆದರೆ 15 ಖರ್ಜೂರ ರುಬ್ಬಿ ಹಾಕಿ "ಶುಗರ್ ಫ್ರೀ" ಅಂದರೆ ನಮಗೆ ನಾವೇ ಟೋಪಿ ಹಾಕಿಕೊಂಡಂತೆ. ಅಂಗಡಿಯ ಬ್ರೌನ್ ಶುಗರ್ ಎಷ್ಟೋ ಸಲ ಬಿಳಿ ಸಕ್ಕರೆಗೆ ಕಾಕಂಬಿ ಬಳಿದದ್ದು, ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು: ದಿನದ ಶಕ್ತಿಯಲ್ಲಿ ಶೇ 10ಕ್ಕಿಂತ ಕಡಿಮೆ ಇಂಥ ಸಕ್ಕರೆಯಿಂದ ಬರಲಿ, ಶೇ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ 50 ಗ್ರಾಂ, 25 ಗ್ರಾಂ ಎಂದಾಯಿತು. ಜೇನು, ಸಿರಪ್, ಹಣ್ಣಿನ ಜ್ಯೂಸಿನ ಸಕ್ಕರೆಯೂ ಈ ಲೆಕ್ಕದೊಳಗೇ ಬರುತ್ತದೆ. ಇಡೀ ಹಣ್ಣು ಬರುವುದಿಲ್ಲ. ನಾನು ಯುಗಾದಿಗೆ ಅರ್ಧ ಕೆಜಿ ಬೇಳೆಗೆ ಅರ್ಧ ಕೆಜಿ ಬೆಲ್ಲ ಹಾಕಿ 25 ಒಬ್ಬಟ್ಟು ತಟ್ಟಿದೆ. ಒಂದೊಂದರಲ್ಲಿ 20 ಗ್ರಾಂ ಬೆಲ್ಲ. ನಮ್ಮ ಮಾವ ನಾಲ್ಕು ತಿಂದರು, ಮೇಲೆ ಹಾಲು ಸಕ್ಕರೆ.

ಹಾಗಾಗಿ "ಸಕ್ಕರೆ ಬದಲು ಏನು" ಅಂತ ಕೇಳುವುದಕ್ಕಿಂತ "ಎಷ್ಟು ಕಡಿಮೆ ಮಾಡಿದರೂ ರುಚಿ ನಿಲ್ಲುತ್ತದೆ" ಅಂತ ಕೇಳಿ.

---

ಉಪ್ಪಿನಕಾಯಿ ಜಾಡಿ (ತುಮಕೂರು), ಸೋಮವಾರ ಮಧ್ಯಾಹ್ನ 1:30

ಇದೇ ಆಗೋದು ಓದಿದವರ ಹತ್ರ ಕೇಳಿದ್ರೆ. ನಮ್ಮಜ್ಜಿ ದಿನಾ ಬೆಲ್ಲದ ಕಾಫಿ ಕುಡಿದು 92 ವರ್ಷ ಬದುಕಿದ್ರು. ಒಂದು ಮಾತ್ರೆ ನುಂಗಿದವರಲ್ಲ.

---

ಬಟ್ಟಲ ಲೆಕ್ಕ, ಸೋಮವಾರ ಮಧ್ಯಾಹ್ನ 2:10

ಅಜ್ಜಿ ದಿನಕ್ಕೆ ಎಷ್ಟು ಕೊಡ ನೀರು ಸೇದುತ್ತಿದ್ದರು ಅಂತಲೂ ಬರೆಯಿರಿ.

---

ಗಾಣದ ಎತ್ತು, ಸೋಮವಾರ ಸಂಜೆ 7:20

ಇಬ್ರೂ ಸರಿ ಬಿಡಿ. 1933ರಲ್ಲಿ ಶುರುವಾದ ಮೈಶುಗರ್ ಫ್ಯಾಕ್ಟರಿ ಇರೋ ಊರಿನೋನು ನಾನು. ಆದ್ರೂ ನಮ್ಮನೇಲಿ ನೆಂಟ್ರಿಗೆ ಸಕ್ಕರೆ ಕಾಫಿ, ಮನೆಯೋರಿಗೆ ಬೆಲ್ಲದ ಕಾಫಿ. ರೇಷನ್ ಕಾರ್ಡಲ್ಲಿ ಬಂದ ಸಕ್ಕರೇನ ಅವ್ವ ಹಾರ್ಲಿಕ್ಸ್ ಬಾಟ್ಲಲ್ಲಿ ಇಟ್ಟು ಬೀಗ ಹಾಕೋಳು. ಮೂಲೇಲಿ ಬೆಲ್ಲದ ಪೆಂಟೆ ಬಿದ್ದಿರೋದು, ಯಾರೂ ಕೇಳ್ತಿರಲಿಲ್ಲ. ಈಗ ಸಾವಯವ ಬೆಲ್ಲದ ಪುಡಿ ಅಂತ ಲೇಬಲ್ ಅಂಟಿಸಿ ಸಕ್ಕರೆಗಿಂತ ಜಾಸ್ತಿ ರೇಟಿಗೆ ಮಾರ್ತಾವ್ರೆ. ನಗು ಬರತ್ತೆ.

---

ಮಂಟಪದ ಭಟ್ಟ (ಮೈಸೂರು), ಸೋಮವಾರ ರಾತ್ರಿ 11:30

ಈಗಷ್ಟೇ ಒಂದು ಆರತಕ್ಷತೆ ಮುಗಿಸಿ ಬಂದೆ. 22 ವರ್ಷದಿಂದ ಮದುವೆ ಅಡುಗೆ ಮಾಡ್ತಿದ್ದೀನಿ, ಖರ್ಜೂರದ ಮೈಸೂರು ಪಾಕಿಗೆ ನಾನು ಉತ್ತರ ಕೊಡ್ತೀನಮ್ಮ.

ಸಕ್ಕರೆ ಪಾಕ ಕಾಯ್ತಾ ಇದ್ದಾಗ ಸೌಟಿನಿಂದ ಒಂದು ಹನಿ ತಗೊಂಡು ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಿ ಬಿಡಿಸಿದರೆ ಒಂದು ನೂಲು ನಿಲ್ಲುತ್ತೆ. ಒಂದೆಳೆ ಪಾಕ. ಕಡಲೆಹಿಟ್ಟು ಹಾಕಿ, ಕಾದ ತುಪ್ಪ ಸುರೀತಾ ಹೋದರೆ ಜೇನುಗೂಡಿನ ಹಾಗೆ ತೂತು ಬಿದ್ದುಕೊಂಡು ಉಬ್ಬುತ್ತೆ. ಆರುವಾಗ ಆ ಸಕ್ಕರೆ ತಿರುಗಿ ಹರಳುಗಟ್ಟಿ ಗೂಡನ್ನ ಹಿಡಿದು ನಿಲ್ಲಿಸುತ್ತೆ. ಅಂದರೆ ಮೈಸೂರು ಪಾಕಲ್ಲಿ ಸಕ್ಕರೆ ಬರೀ ಸಿಹಿಗಲ್ಲ, ಅದೇ ಗೋಡೆ, ಅದೇ ಕಂಬ. ಖರ್ಜೂರದ ಸಿಹಿ ಬೇರೆ ಜಾತಿ, ಗ್ಲೂಕೋಸು ಫ್ರುಕ್ಟೋಸು. ಎಷ್ಟು ಕಾಯಿಸಿದರೂ ಹರಳಾಗಲ್ಲ, ಅಂಟಂಟಾಗೇ ಇರುತ್ತೆ. ನೀವು ಮುಕ್ಕಾಲು ಗಂಟೆ ಅಲ್ಲ, ಮೂರು ದಿನ ತಿರುವಿದರೂ ಅಷ್ಟೇ. ಬೆಲ್ಲದಲ್ಲೂ ಮಾಡ್ತಾರೆ, ಅದು ಬರ್ಫಿ ಥರ ಮೆತ್ತಗಾಗುತ್ತೆ, ಗೂಡು ಬರಲ್ಲ.

ಚಿಕ್ಕಿ, ಕಜ್ಜಾಯ, ಜಿಲೇಬಿ ಎಲ್ಲಾ ಇದೇ ಸಾಲು. ಕಜ್ಜಾಯಕ್ಕೆ ಬೆಲ್ಲ ಕಡಿಮೆ ಮಾಡಿ ನೋಡಿ, ಎಣ್ಣೆಯಲ್ಲಿ ಹಪ್ಪಳ ಆಗುತ್ತೆ. ಪಾಕದ ತಿಂಡಿಗೆ ಕೈ ಹಾಕಬೇಡಿ. ವರ್ಷಕ್ಕೆ ಎರಡು ಸಲ ಸರಿಯಾಗಿ ಮಾಡಿ, ಒಂದು ತುಂಡು ತಿನ್ನಿ. ಕಡಿಮೆ ಮಾಡೋ ಆಟ ಎಲ್ಲಾ ಬೇಯಿಸೋ ತಿಂಡಿ, ಕುಟ್ಟೋ ತಿಂಡಿಯಲ್ಲಿ ಆಡಿ. ಅಲ್ಲಿ ಸಿಹಿ ತೆಗೆದರೂ ತಿಂಡಿ ಬೀಳಲ್ಲ.

ಆ ಮುದ್ದೆ ಬಿಸಾಕಿಬಿಟ್ರಾ? ಇಟ್ಟಿದ್ದರೆ ಹುರಿದ ಎಳ್ಳು, ಕಡಲೆಬೀಜ ತರಿತರಿ ಪುಡಿ ಮಾಡಿ ಕಲಸಿ ಉಂಡೆ ಕಟ್ಟಿ. ಕಡಲೆಹಿಟ್ಟು ತುಪ್ಪ ಆಗಲೇ ಇದೆಯಲ್ಲ.

---

ಸೌಟು ಹಿಡಿದವಳು, ಮಂಗಳವಾರ ಬೆಳಿಗ್ಗೆ 8:00

ಭಟ್ರೇ, ಫ್ರಿಜ್ಜಲ್ಲೇ ಇತ್ತು! ಉಂಡೆ ಆಯ್ತು. ಅಂಟು ಅಂದ ಮಗನೇ ಎರಡು ತಿಂದ.

---

ಪೇಡೆನಗರಿ ಅಕ್ಕ (ಧಾರವಾಡ), ಮಂಗಳವಾರ ಮಧ್ಯಾಹ್ನ 12:40

ಭಟ್ಟರು ಹೇಳಿದ್ದು ಖರೇ ಅದ ನೋಡ್ರಿ. ನಮ್ಮ ಕಡೆ ಕುಟ್ಟೂ ತಿಂಡಿಗೇನು ಬರಗಾಲ ಇಲ್ಲ. ಶೇಂಗಾದುಂಡಿಗೆ ಪಾಕ ಯಾಕ ಬೇಕ್ರಿ? ಶೇಂಗಾ ಸಣ್ಣ ಉರಿಮ್ಯಾಲೆ ಹುರದು, ಸಿಪ್ಪಿ ತಗದು, ಬಿಸಿ ಇದ್ದಾಗನ ಬೆಲ್ಲದ ಜೋಡಿ ಕುಟ್ಟರಿ. ಶೇಂಗಾದ ಎಣ್ಣಿನ ಹೊರಗ ಬಂದು ಉಂಡಿ ಕಟ್ಟಾಕ ಬರತೈತಿ. ಮೊದಲ ನಾ ಎರಡು ವಾಟಿ ಶೇಂಗಾಕ್ಕ ಒಂದು ವಾಟಿ ಬೆಲ್ಲ ಹಾಕತಿದ್ದೆ. ಈಗ ಅರ್ಧ ವಾಟಿಗೆ ಇಳಿಸೇನಿ. ಒಂದ ಸಲಕ್ಕ ಇಳಿಸಿಲ್ರಿ ಮತ್ತ, ಪ್ರತಿ ಸಲ ಒಂದೊಂದ ಚಮಚ. ಮನಿಯಾಗ ಯಾರಿಗೂ ಸುದ್ದಿ ಇಲ್ಲ.

ಇನ್ನ ಗೋಧಿ ಹುಗ್ಗಿ. ಕುಟ್ಟಿದ ಗೋಧಿ ರಾತ್ರಿ ನೆನಿ ಇಟ್ಟು, ಕುಕ್ಕರಿನಾಗ ಮೆತ್ತಗ ಬೇಯಿಸಿ, ಬೆಲ್ಲ, ಒಣಕೊಬ್ಬರಿ, ಗಸಗಸಿ, ಶುಂಠಿ ಪುಡಿ, ಚೂರು ಜಾಜಿಕಾಯಿ. ಇಡೀ ಗೋಧಿ ಇರತೈತಿ, ಒಂದ ಬಟ್ಟಲಕ್ಕ ಹೊಟ್ಟಿ ತುಂಬತದ. ಎರಡನೇ ಬಟ್ಟಲ ಯಾರೂ ಕೇಳೂದಿಲ್ಲ. ಅದ ಅದರ ಒಳ್ಳೆ ಗುಣ.

ಗೋಕಾಕ, ಅಮೀನಗಡದ ಕರದಂಟು ಶಕ್ತಿ ಬರತೈತಿ ಅಂತ ದಿನಾ ತಿನ್ನಾವ್ರು ಅದಾರ. ಅಂಟು, ಒಣಹಣ್ಣು ಇದ್ರೂ ಅದನ್ನ ಹಿಡದಿರೂದು ಬೆಲ್ಲದ ಪಾಕರೀ. ಬಾಣಂತಿಗೆ, ಗರಡಿಮನಿ ಪೈಲ್ವಾನರಿಗೆ ಸರಿ. ಕುರ್ಚಿಮ್ಯಾಲೆ ಕುಂತು ಕೆಲಸ ಮಾಡಾವ್ರಿಗಲ್ಲ.

---

ಜೋನಿಬೆಲ್ಲ, ಮಂಗಳವಾರ ಸಂಜೆ 4:15

ಬೇಯಿಸುವ ತಿಂಡಿ ಅಂದಮೇಲೆ ರಾಗಿ ಮಣ್ಣಿ ಬಿಟ್ಟರೆ ಹೇಗೆ? ಒಂದು ಲೋಟ ರಾಗಿ ರಾತ್ರಿ ನೆನೆಸಿ, ಅರ್ಧ ಕಡಿ ಕಾಯಿಯ ಜೊತೆ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಾಲು ಹಿಂಡಿ. ಮುಕ್ಕಾಲು ಲೋಟ ಬೆಲ್ಲ ಹಾಕಿ ದಪ್ಪ ತಳದ ಬಾಣಲೆಯಲ್ಲಿ ಮಗುಚಿ. ಮೊದಲು ಏನೂ ಆಗುವುದಿಲ್ಲ, ನೀರಿನ ಹಾಗೇ ಇರುತ್ತದೆ. ಫೋನ್ ನೋಡಲು ಹೋದಿರೋ, ಆ ಕ್ಷಣದಲ್ಲೇ ತಳದಲ್ಲಿ ಗಂಟು ಕಟ್ಟುತ್ತದೆ. ಮುದ್ದೆ ತಳ ಬಿಟ್ಟು ಸೌಟಿನ ಹಿಂದೆಯೇ ತಿರುಗತೊಡಗಿದಾಗ ತುಪ್ಪ ಸವರಿದ ತಟ್ಟೆಗೆ ಸುರಿದು ಆರಲು ಬಿಡಿ. ಬೆರಳಿಂದ ತಟ್ಟಿದರೆ ನಡುಗಬೇಕು, ಅಂಟಬಾರದು.

---

ಬಟ್ಟಲ ಲೆಕ್ಕ, ಮಂಗಳವಾರ ಸಂಜೆ 5:00

ಮಣ್ಣಿ ನನಗೂ ಪ್ರಾಣ. ಆದರೆ ಹಾಲು ಹಿಂಡಿ ಚರಟ ಎಸೆದಾಗ ರಾಗಿಯ ನಾರೆಲ್ಲ ಅದರ ಜೊತೆಗೇ ಹೋಯಿತಲ್ಲ. ರಾಗಿ ತಿಂದೆವು ಎಂಬ ಸಮಾಧಾನ, ತಿಂದದ್ದು ಪಿಷ್ಟ ಮತ್ತು ಬೆಲ್ಲ. ಹಿಂಡದೆ ಮಾಡಬಹುದಲ್ಲ?

---

ಜೋನಿಬೆಲ್ಲ, ಮಂಗಳವಾರ ಸಂಜೆ 5:20

ಮಾಡಬಹುದು. ಆಗ ಅದು ಮಣ್ಣಿ ಅಲ್ಲ, ಸಿಹಿ ಅಂಬಲಿ. ನಯ ಇಲ್ಲದ ಮಣ್ಣಿಯನ್ನು ನಮ್ಮ ಅಮ್ಮನ ಮುಂದೆ ಇಟ್ಟರೆ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಚರಟ ಎಸೆಯುವುದಿಲ್ಲ ಬಿಡಿ, ಮರುದಿನ ದೋಸೆ ಹಿಟ್ಟಿಗೆ ಸೇರಿಸುತ್ತೇವೆ. ನಾರು ಬೆಳಗಿನ ತಿಂಡಿಗೆ, ನಯ ಸಂಜೆಗೆ.

---

ಬಟ್ಟಲ ಲೆಕ್ಕ, ಮಂಗಳವಾರ ಸಂಜೆ 5:25

ಒಪ್ಪಿದೆ, ಸೋತೆ.

---

ಕೊಲ್ಲಿಯ ಕನ್ನಡತಿ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ), ಬುಧವಾರ ಬೆಳಿಗ್ಗೆ 9:10

ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಸಿಗೋ ಬೆಲ್ಲ ಕಲ್ಲಿನ ಹಾಗಿರತ್ತೆ, ಒಡೆಯೋಕೆ ಗಂಡನ ಟೂಲ್ ಬಾಕ್ಸಿಂದ ಸುತ್ತಿಗೆ ತರಬೇಕು. ಹಾಗಾಗಿ ನಾನು ಗೆಣಸಿಗೆ ಬಂದು ನಿಂತಿದ್ದೀನಿ. ಗೆಣಸನ್ನ ಕುಕ್ಕರಲ್ಲಿ ಬೇಯಿಸಿದ್ರೆ ಸಪ್ಪೆ, ಅವನಲ್ಲಿ ಸಿಪ್ಪೆ ಸಮೇತ ಒಂದು ಗಂಟೆ ನಿಧಾನಕ್ಕೆ ಸುಟ್ಟರೆ ಸಿಹಿ. ಯಾಕೆ ಅಂದ್ರೆ ಗೆಣಸಿನಲ್ಲಿರೋ ಒಂದು ಕಿಣ್ವ ಹದವಾದ ಶಾಖದಲ್ಲಿ ಪಿಷ್ಟವನ್ನ ಮಾಲ್ಟೋಸ್ ಅನ್ನೋ ಸಕ್ಕರೆ ಮಾಡತ್ತೆ. ಬೇಗ ಕುದಿಸಿದ್ರೆ ಅದಕ್ಕೆ ಕೆಲಸ ಮಾಡೋ ಅಷ್ಟು ಹೊತ್ತೇ ಸಿಗಲ್ಲ. ಊರಲ್ಲಿ ಅಜ್ಜಿ ಬಚ್ಚಲೊಲೆ ಕೆಂಡದ ಬೂದಿಯಲ್ಲಿ ಗೆಣಸು ಹೂತಿಡ್ತಿದ್ದಿದ್ದು ಇದೇ ವಿಜ್ಞಾನ. ಸುಟ್ಟ ಗೆಣಸು ಹಿಸುಕಿ ಕಾಯಿತುರಿ, ಏಲಕ್ಕಿ ಸೇರಿಸಿ ಹೋಳಿಗೆ ಹೂರಣ ಮಾಡ್ತೀನಿ. ಬೆಲ್ಲ ಬೇಡವೇ ಬೇಡ.

(ಬಟ್ಟಲ ಲೆಕ್ಕ ಅವರು ಬರೋಕೆ ಮೊದಲೇ ಹೇಳ್ತೀನಿ: ಮಾಲ್ಟೋಸೂ ಸಕ್ಕರೆಯೇ, ಗೊತ್ತು!)

---

ಹೊಸ ಸದಸ್ಯ 88, ಬುಧವಾರ ಬೆಳಿಗ್ಗೆ 10:30

ಇಷ್ಟೆಲ್ಲಾ ಯಾಕೆ? ಮೆಡಿಕಲ್ ಶಾಪಲ್ಲಿ ಸಿಗೋ ಶುಗರ್ ಫ್ರೀ ಪೊಟ್ಟಣ ಎರಡು ಹಾಕಿ.

---

ಬಟ್ಟಲ ಲೆಕ್ಕ, ಬುಧವಾರ ಮಧ್ಯಾಹ್ನ 12:00

ಪೊಟ್ಟಣದ ಹಿಂದೆ ಯಾವ ಸಿಹಿಕಾರಕ ಎಂದು ಓದಿ. ಆಸ್ಪರ್ಟೇಮ್ ಆದರೆ ಕುದಿಸಿದಾಗ ಸಿಹಿಯೇ ಹೋಗುತ್ತದೆ, ಇಳಿಸಿದ ಮೇಲೆ ಹಾಕಬೇಕು. ಸ್ಟೀವಿಯಾ ಬಿಸಿ ತಡೆಯುತ್ತದೆ, ಕೆಲವರಿಗೆ ನಾಲಿಗೆ ಹಿಂದೆ ಕಹಿ. ತೂಕ ಇಳಿಸಲಿಕ್ಕೆಂದು ಇವನ್ನು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ, ಅವರು ತಮ್ಮ ಡಾಕ್ಟರನ್ನು ಕೇಳಲಿ.

ಸೌಟು ಅವರೇ, ಹಬ್ಬಕ್ಕೆ ಎರಡು ಕಿವಿಮಾತು. ಸಿಹಿಗೆ ಚಿಟಿಕೆ ಉಪ್ಪು ಹಾಕಿ, ಕಡಿಮೆ ಬೆಲ್ಲವೂ ಎದ್ದು ಕಾಣುತ್ತದೆ. ಪಾಯಸವನ್ನು ಬೆಚ್ಚಗೆ ಬಡಿಸಿ, ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಐಸ್‌ಕ್ರೀಮಿಗೆ ಅಷ್ಟೊಂದು ಸಕ್ಕರೆ ಸುರಿಯುವುದಕ್ಕೆ ಅದೂ ಒಂದು ಕಾರಣ.

---

ಸೌಟು ಹಿಡಿದವಳು, ಹಬ್ಬ ಆದ ಮೂರನೇ ದಿನ, ರಾತ್ರಿ 10:05

ವರದಿ ಒಪ್ಪಿಸ್ತಿದ್ದೀನಿ.

ಗೌರಿಗೆ ಒಬ್ಬಟ್ಟು ಬೇಡ ಅಂದಿದ್ದಕ್ಕೆ ಅತ್ತೆ ಮುಖ ಊದಿಸಿಕೊಂಡ್ರು, ಆಮೇಲೆ ರಾಜಿ ಆಯ್ತು: ಒಬ್ಬಟ್ಟು ಮಾಡೋದು, ಆದ್ರೆ ಪೂರಿಯಷ್ಟು ಚಿಕ್ಕದು, ಅರ್ಧ ಕೆಜಿ ಬೇಳೆಗೆ 350 ಗ್ರಾಂ ಬೆಲ್ಲ. 40 ಆಯ್ತು. ಲೆಕ್ಕ ಹಾಕಿದೆ, ಒಂದಕ್ಕೆ 9 ಗ್ರಾಂ ಆಗಲ್ಲ. ಮನೆಯವರು ಎರಡು ತಿಂದ್ರು. ಪಾಯಸ ಹೆಸರುಬೇಳೆ ಕಾಯಿಹಾಲಿಂದು, ಒಡೆಯೋ ಮಾತೇ ಇಲ್ಲ.

ಗಣೇಶನಿಗೆ ಕರಿಗಡುಬು ಬಿಟ್ಟು ಹಬೆಯಲ್ಲಿ ಬೇಯಿಸಿದ ಕಡುಬು. ಮೂರು ಲೋಟ ಕಾಯಿತುರಿಗೆ ಒಂದು ಲೋಟ ಬೆಲ್ಲ, ಜೊತೆಗೆ ಹುರಿದ ಎಳ್ಳು, ಚಿಟಿಕೆ ಉಪ್ಪು. ಬೆಲ್ಲ ಕಮ್ಮಿ ಆದಾಗ ಹೂರಣ ಉದುರುದುರಾಗತ್ತೆ, ಆದ್ರೆ ಕಣಕದ ಒಳಗೆ ಸೇರಿದ ಮೇಲೆ ಏನೂ ತೊಂದರೆ ಆಗ್ಲಿಲ್ಲ. ತೊಂದರೆ ಆಗಿದ್ದು ಬೇರೆ: ಅಕ್ಕಿ ಹಿಟ್ಟಿಗೆ ನೀರು ಸರಿಯಾಗಿ ಕುದಿಯೋ ಮೊದಲೇ ಹಿಟ್ಟು ಹಾಕಿಬಿಟ್ಟೆ, ಮೊದಲ ಎಂಟು ಕಡುಬು ಬಾಯಿ ಬಿಟ್ಕೊಂಡ್ವು. ಅವನ್ನ ಅಡುಗೆಮನೇಲೇ ನಿಂತು ನಾನೂ ಮಗನೂ ಮುಗಿಸಿದ್ವಿ.

ಅತ್ತೆ ಪಾಯಸ ಕುಡಿದು "ಸಿಹಿ ಸ್ವಲ್ಪ ಮುಂದಿದೆ ಕಣೆ" ಅಂದ್ರು. ನಾನು ಮಾತಾಡ್ಲಿಲ್ಲ. ಕಳೆದ ವರ್ಷ ಹಾಕಿದ್ದರ ಅರ್ಧ ಬೆಲ್ಲ ಅದು.

ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಇದೆ. ಅಲ್ಲಿವರೆಗೆ ಸಕ್ಕರೆ ಡಬ್ಬಿ ಅಟ್ಟದಲ್ಲೇ. ಜೋನಿಬೆಲ್ಲ ಅವರೇ, ನಿಮ್ಮ ಆ ಜೋನಿ ಬೆಲ್ಲ ಬೆಂಗಳೂರಲ್ಲಿ ಎಲ್ಲಿ ಸಿಗತ್ತೆ?

---

ಜೋನಿಬೆಲ್ಲ, ರಾತ್ರಿ 10:40

ಅಂಗಡಿಯಲ್ಲಿ ಹುಡುಕಬೇಡಿ. ಆಲೆಮನೆ ಶುರುವಾಗಲಿ, ಅಮ್ಮ ಡಬ್ಬಿಗೆ ತುಂಬಿ ಬಸ್ಸಿಗೆ ಹಾಕುತ್ತಾರೆ. ಮುಚ್ಚಳಕ್ಕೆ ಬಟ್ಟೆ ಕಟ್ಟಲು ಹೇಳುತ್ತೇನೆ. ಹೋದ ವರ್ಷ ಅಣ್ಣನಿಗೆ ಕಳಿಸಿದ್ದು ಅರ್ಧ ಡಬ್ಬಿ, ಉಳಿದರ್ಧ ಕಂಡಕ್ಟರ್ ಸೀಟಿನ ಕೆಳಗೆ.

---

ಗಾಣದ ಎತ್ತು, ರಾತ್ರಿ 10:52

ಅಷ್ಟು ದೂರ ಯಾಕಕ್ಕಾ, ಮಂಡ್ಯ ಬೆಂಗಳೂರಿಗೆ ಹತ್ರ. ಕಪ್ಪು ಬೆಲ್ಲ ಇಲ್ಲೇ ಐತೆ, ಹೈಡ್ರೋಸ್ ಇಲ್ದೇ ಇರೋದು. ಸುತ್ತಿಗೆ ನೀವೇ ತನ್ನಿ.